ನಿಜಾಮುದ್ದೀನ್‌ನಿಂದ ಕರಾವಳಿಗೆ

ದೆಹಲಿಯ ಹಜರತ್ ನಿಜಾಮುದ್ದೀನ್ ನಿಲ್ದಾಣದಿಂದ ಎರ್ನಾಕುಲಂಗೆ ಹೋಗುವ ಮಂಗಳಾ ಲಕ್ಷದ್ವೀಪ ಎಕ್ಸ್‌ಪ್ರೆಸ್, ಪಶ್ಚಿಮ ಮತ್ತು ದಕ್ಷಿಣ ಭಾರತವನ್ನು ಒಬ್ಬರೇ ನೋಡಹೊರಟವರಿಗೆ ಒಂದೇ ಟಿಕೆಟ್ಟಿನಲ್ಲಿ ಸಿಗುವ ಪ್ರವಾಸ. ಸೈಡ್ ಲೋವರ್ ಬರ್ತ್ ಇದಕ್ಕೆ ಅತ್ಯುತ್ತಮ. ಹಗಲಲ್ಲಿ ಮೇಲಿನ ಬರ್ತಿನವರೂ ಎದುರಿಗೇ ಕೂರುವುದರಿಂದ, ಒಂಟಿತನ ಮಥುರಾ ದಾಟುವ ಮೊದಲೇ ಮುಗಿದಿರುತ್ತದೆ. ಆಗ್ರಾದ ಪೇಠಾ ಖಾಲಿಯಾಗಿ ಮಹಾರಾಷ್ಟ್ರದ ವಡಾಪಾವ್ ಬರುವಷ್ಟರಲ್ಲಿ ಪರಸ್ಪರರ ಊರು, ಕೆಲಸ, ಮನೆಮಂದಿಯ ವಿವರವೆಲ್ಲ ಗೊತ್ತಾಗಿರುತ್ತದೆ.

ನಿಜವಾದ ಸೊಗಸು ರೋಹಾದಿಂದಾಚೆಗೆ. ರೋಹಾದಿಂದ ಮಂಗಳೂರು ಬಳಿಯ ತೋಕೂರಿನವರೆಗಿನ ಸುಮಾರು 740 ಕಿ.ಮೀ. ಕೊಂಕಣ ರೈಲ್ವೆ 1998ರಲ್ಲಿ ಪೂರ್ಣಗೊಂಡಿತು. ರತ್ನಾಗಿರಿ ಹತ್ತಿರದ ಕರ್ಬುಡೆ ಸುರಂಗವೊಂದೇ ಸುಮಾರು 6.5 ಕಿ.ಮೀ.; ಕತ್ತಲಾದೊಡನೆ ಬೋಗಿಯ ಮಕ್ಕಳೆಲ್ಲ ಒಟ್ಟಿಗೆ ಕೂಗುತ್ತಾರೆ, ದೊಡ್ಡವರೂ ದನಿಗೂಡಿಸುವುದುಂಟು. ಹೊನ್ನಾವರದ ಶರಾವತಿ ಸೇತುವೆ 2 ಕಿ.ಮೀ.ಗೂ ಉದ್ದ. ಅಲ್ಲಿ ಸಮುದ್ರದ ಕಡೆ ನೋಡಲು, ದಕ್ಷಿಣಕ್ಕೆ ಸಾಗುವಾಗ, ಬಲಬದಿಯ ಕಿಟಕಿ ಬೇಕು.

ಕಾರವಾರದಿಂದ ಕಾಸರಗೋಡಿಗೆ ಕೆಲವೇ ಗಂಟೆ. ಅಷ್ಟರಲ್ಲೇ ಕೊಂಕಣಿ, ಕನ್ನಡ, ತುಳು, ಬ್ಯಾರಿ, ಮಲಯಾಳಂ ಕಿವಿಗೆ ಬೀಳುತ್ತವೆ. ದೆಹಲಿಯ ಹಿಂದಿಗೆ ಇಲ್ಲಿ ಕೈಸನ್ನೆಯ ನೆರವು ಬೇಕಾಗುತ್ತದೆ, ನಗುವಂತೂ ಧಾರಾಳ. ಮಳೆಗಾಲದಲ್ಲಿ ಸುರಕ್ಷತೆಗಾಗಿ ವೇಗ ತಗ್ಗಿಸಿ ಬೇರೆ ವೇಳಾಪಟ್ಟಿ ಪಾಲಿಸಲಾಗುತ್ತದೆ. ಹಸಿರು ನೋಡಲು ಅದೇ ಒಳ್ಳೆಯ ಕಾಲ.