ಕಿವಿಗೆ ದೊರೆತ ಸುಳಿವು

ಪುಣೆಯ ಶಿವಾಜಿನಗರದಲ್ಲಿರುವ ಆಕಾಶವಾಣಿ ನಿಲಯದ ಹೆಸರು ಕನ್ನಡಿಗನಿಗೆ ಪರಕೀಯವೆನಿಸದು. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಆರಂಭಿಸಿದ ಬಾನುಲಿ ಕೇಂದ್ರವೂ ಇದೇ ಹೆಸರಿನಿಂದ ಪ್ರಸಿದ್ಧವಾಯಿತು.

1967ರ ನವೆಂಬರ್ 1ರಂದು ವಿವಿಧ ಭಾರತಿಯಲ್ಲಿ ಜಾಹೀರಾತು ಪ್ರಸಾರ ಮೊದಲಾದದ್ದು ಮುಂಬಯಿ, ಪುಣೆ, ನಾಗಪುರಗಳಲ್ಲಿ. ಮುಂದೆ ಪ್ರಾಯೋಜಿತ ಕಾರ್ಯಕ್ರಮಗಳ ಕಾಲ ಬಂದಿತು. 1970ರ ದಶಕದಲ್ಲಿ ಹಿಂದಿಯ ‘ಇನ್‌ಸ್ಪೆಕ್ಟರ್ ಈಗಲ್’ ಮನೆಮಾತಾಯಿತು. ಥರ್ಮಾಸ್ ಫ್ಲಾಸ್ಕ್ ತಯಾರಿಸುತ್ತಿದ್ದ ಸಂಸ್ಥೆಯ ಹೆಸರನ್ನೇ ಹೊತ್ತ ಈ ಪತ್ತೇದಾರನಿಗೆ ಪುಣೆಯ ಕನ್ನಡ ಮನೆಗಳೂ ಕಿವಿಗೊಟ್ಟವು.

ಜಾಹೀರಾತಿನ ಕೂಸೆಂದು ವಿದ್ವಲ್ಲೋಕ ಇಂತಹ ನಾಟಕಗಳನ್ನು ಕಡೆಗಣಿಸಿತು. ಆದರೆ ಕಾವ್ಯಮೀಮಾಂಸೆಗೆ ಅವು ಒಡ್ಡುವ ಪ್ರಶ್ನೆ ಸಣ್ಣದಲ್ಲ. ನಾಟಕವು ದೃಶ್ಯಕಾವ್ಯವೆಂಬುದು ಪ್ರಾಚೀನರ ವಿಭಜನೆ. ಬಾನುಲಿ ಅದನ್ನು ಶ್ರವ್ಯವಾಗಿಸಿತು. ಪತ್ತೇದಾರಿ ಕಾದಂಬರಿಯ ಓದುಗ ಸುಳಿವು ತಪ್ಪಿದರೆ ಹಾಳೆಯನ್ನು ಹಿಂದಕ್ಕೆ ತಿರುವಬಲ್ಲ. ಕೇಳುಗನಿಗೆ ಆ ಸೌಕರ್ಯವಿಲ್ಲ. ಅವನಿಗೆ ಹೆಜ್ಜೆಯ ಸಪ್ಪಳವೇ ಪಾತ್ರಪ್ರವೇಶ, ಬಾಗಿಲಿನ ಕಿರುಗುಟ್ಟುವಿಕೆಯೇ ರಂಗಸಜ್ಜಿಕೆ, ಮಾತಿನ ನಡುವಣ ತಡವರಿಕೆಯೇ ಅಪರಾಧಿಯ ಮುಖಭಾವ. 1930ರಲ್ಲಿ ಅಮೆರಿಕದ ಬಾನುಲಿಯನ್ನು ಪ್ರವೇಶಿಸಿದ ಷರ್ಲಾಕ್ ಹೋಮ್ಸ್ ಕೂಡ ತನ್ನ ಭೂತಗನ್ನಡಿಯಲ್ಲಿ ಕಂಡದ್ದನ್ನು ಮಾತಿನಲ್ಲಿಯೇ ಕಾಣಿಸಬೇಕಾಯಿತು.

ಶಾಸನ, ಓಲೆಗರಿ, ಅಚ್ಚುಪುಸ್ತಕಗಳನ್ನು ಆಧರಿಸಿ ಬೆಳೆದ ಕನ್ನಡ ಸಂಶೋಧನೆ ಬಾನುಲಿಯ ಪಠ್ಯಕ್ಕೆ ಇನ್ನೂ ತಕ್ಕ ಸ್ಥಾನ ನೀಡಿಲ್ಲ. ಪ್ರಸಾರವಾದ ನಾಟಕ ಗಾಳಿಯಲ್ಲಿ ಕರಗುತ್ತದೆ. ಧ್ವನಿಮುದ್ರಿಕೆ ಉಳಿಯದಲ್ಲಿ ಹಸ್ತಪ್ರತಿ, ಅದೂ ಇಲ್ಲದಲ್ಲಿ ಕೇಳುಗರ ಸ್ಮೃತಿಯೇ ಆಕರ. ಆ ಪೀಳಿಗೆ ಈಗ ಇಳಿವಯಸ್ಸಿನಲ್ಲಿದೆ. ತರುಣ ಸಂಶೋಧಕರು ಅವರ ಬಳಿ ಕುಳಿತು ಕೇಳಬೇಕಾಗಿದೆ. ಸಾಕ್ಷಿಗಳು ಮೌನವಾದ ಬಳಿಕ ಯಾವ ಪತ್ತೇದಾರನೂ ಏನನ್ನೂ ಸಾಧಿಸಲಾರ.