ನಂದಿಯ ಕೋಟೆಗೋಡೆ

ಬಿಟಿಎಂ ಲೇಔಟಿನಿಂದ ನಸುಕಿನಲ್ಲೇ ಹೊರಟೆವು. ಹರೆಯದಲ್ಲಿ ನಂದಿಬೆಟ್ಟವನ್ನು ಮೆಟ್ಟಿಲಲ್ಲೇ ಹತ್ತಿದವರು ಅಪ್ಪ. ಮಂಡಿ ಆಪರೇಷನ್ ಆದಮೇಲೆ ಇದೇ ಮೊದಲು. ಮೇಲೆ ಬರೀ ಮಂಜು. ಎಲ್ಲರೂ ಮೊಬೈಲ್ ಹಿಡಿದು ಸೂರ್ಯನಿಗೆ ಕಾಯುತ್ತಿದ್ದರು. ಅಪ್ಪನಿಗೆ ಬೇಕಿದ್ದದ್ದು ಕೋಟೆ.

ಹೈದರ್, ಟಿಪ್ಪು ಬಲಪಡಿಸಿದ ಈ ದುರ್ಗವನ್ನು 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಗೆದ್ದಿತು. ಆಮೇಲೆ ಇಂಗ್ಲಿಷರಿಗೆ ಇದು ಬೇಸಿಗೆಯ ತಂಪುತಾಣ. ಯುದ್ಧ ಮುಗಿದಲ್ಲಿ ಬಂಗಲೆ ಎದ್ದಿತು, ಹೂದೋಟವಾಯಿತು. ಈಗ ಚುರುಮುರಿಯೂ ಸಿಗುತ್ತದೆ.

ಇಳಿಜಾರಿನಲ್ಲಿ ಕೈ ಚಾಚಿದೆ. ಅಪ್ಪ ಹಿಡಿಯಲಿಲ್ಲ, ಗೋಡೆಯ ಕಲ್ಲನ್ನೇ ತಡವುತ್ತಾ ನಡೆದರು. ಸಿಟ್ಟು ಬಂತು, ಸುಮ್ಮನಾದೆ.

“ಅರ್ಕಾವತಿ ಹುಟ್ಟೋದು ಇಲ್ಲೇ. ಬೆಂಗಳೂರಿಗೆ ಮೊದಲು ನಲ್ಲಿನೀರು ಬಂದದ್ದು ಅದರಿಂದಲೇ, ಹೆಸರಘಟ್ಟದ ಕೆರೆಯಿಂದ” ಅಂದರು.

ನಮ್ಮ ಬೀದಿಗೆ ಬರುವುದು ಟ್ಯಾಂಕರ್. “ನೀರೆಲ್ಲಿ, ಅಪ್ಪಾ?” ಅಂದೆ.

“ನೋಡೋಣ ಬಾ” ಎಂದು ಈ ಸಲ ನನ್ನ ಹೆಗಲು ಹಿಡಿದರು.