ಓದು ಬಾರದ ಮನೆಯಲ್ಲಿ ಓದು

ನಮ್ಮ ಕಡೆ ಕಾಳು ಅಳೆಯುವಾಗ ಮೊದಲ ಸೇರಿಗೆ ‘ಒಂದು’ ಎನ್ನುವುದಿಲ್ಲ, ‘ಲಾಭ’ ಎನ್ನುತ್ತಾರೆ. ಲಾಭ, ಎರಡು, ಮೂರು ಎಂದು ಎಣಿಕೆ ಮುಂದೆ ಹೋಗುತ್ತದೆ. ಶಹಾಪುರದ ಹತ್ತಿರದ ನಮ್ಮೂರಿನಲ್ಲಿ ಅವ್ವ ಜೋಳ ಅಳೆಯುತ್ತಿದ್ದಾಗ, ಪಕ್ಕದಲ್ಲಿ ಕೂತ ಆರು ವರ್ಷದ ಮೊಮ್ಮಗಳು, ಅಂದರೆ ನನ್ನ ಅಣ್ಣನ ಮಗಳು, ಅದ್ಯಾಕೆ ಹಾಗೆ ಎಂದು ಕೇಳಿದಳು. “ಒಂದ ಅಂದ್ರ ಅಲ್ಲಿಗೇ ನಿಂದರ್ತದವ್ವಾ, ಲಾಭ ಅಂದ್ರ ಬೆಳೀತದ” ಎಂದಳು ಅವ್ವ. ಹುಡುಗಿ ತುಸು ಯೋಚಿಸಿ, “ಲಾಭ ಅಂದ್ರೂ ಅದು ಒಂದೇ ಸೇರಲ್ಲಾ, ಆಯಿ?” ಎಂದಳು. ಹೆಸರು ಬದಲಾದರೂ ಅಳತೆ ಬದಲಾಗುವುದಿಲ್ಲ ಎಂಬುದು ಅವಳಿಗೆ ಹೊಳೆದಿತ್ತು. ಗಣಿತ ಶುರುವಾಗುವುದೇ ಅಲ್ಲಿಂದ.

ಇದನ್ನು ಪಾಠವೆಂದು ಅವ್ವ ಮಾತ್ರ ಒಪ್ಪುವುದಿಲ್ಲ. ಅಣ್ಣ, ಅತ್ತಿಗೆ ಕಟ್ಟಡ ಕೆಲಸಕ್ಕೆಂದು ಬೆಂಗಳೂರಿಗೆ ಹೋಗಿದ್ದಾರೆ. ಮಗು ಅವ್ವನ ಹತ್ತಿರ. ಶಾಲೆಯ ಚೀಲ ಬಿಚ್ಚಿದರೆ ಸಾಕು, “ನನಗೇನ್ ತಿಳೀತದ, ನಾ ಹೆಬ್ಬಟ್ಟಿನಾಕಿ” ಎಂದು ಅವ್ವ ಎದ್ದು ಹೋಗುತ್ತಾಳೆ. ಇದು ಒಂದು ಮನೆಯ ಮಾತಲ್ಲ. 2011ರ ಜನಗಣತಿಯಲ್ಲಿ ರಾಜ್ಯದಲ್ಲೇ ಅತಿ ಕಡಿಮೆ ಸಾಕ್ಷರತೆ ಇದ್ದದ್ದು ಯಾದಗಿರಿ ಜಿಲ್ಲೆಯಲ್ಲಿ: ಶೇ. 52ರ ಆಸುಪಾಸು. ಹೆಣ್ಣುಮಕ್ಕಳಲ್ಲಂತೂ ಶೇ. 41ರಷ್ಟು. ಅಂದು ಅಕ್ಷರ ಸಿಗದೆ ಉಳಿದವರೇ ಇಂದು ಎಷ್ಟೋ ಮನೆಗಳಲ್ಲಿ ಅವ್ವಂದಿರು, ಆಯಿಯರು. ‘ಮಕ್ಕಳನ್ನು ಮನೆಯಲ್ಲಿ ಓದಿಸಿ’ ಎಂಬ ಸಲಹೆಗಳೆಲ್ಲ ಓದು ಬಲ್ಲ ತಾಯಿಯನ್ನು ಎದುರಿಗೆ ಕೂರಿಸಿಕೊಂಡು ಹೇಳಿದಂಥವು. ಓದು ಬಾರದವಳು ಏನು ಮಾಡಬೇಕು?

ಎಣಿಕೆಯ ಮಟ್ಟಿಗೆ ಹೊಸದಾಗಿ ಏನೂ ಬೇಡ. ತಾನು ಮಾಡುವ ಎಣಿಕೆಯನ್ನು ಮಗುವಿನ ಕೈಗೆ ಕೊಟ್ಟರೆ ಸಾಕು. ನೂರರವರೆಗೆ ಗಡಗಡ ಒಪ್ಪಿಸುವ ಮಕ್ಕಳೂ “ಏಳು ರೊಟ್ಟಿ ತಾ” ಎಂದರೆ ಕೈಗೆ ಬಂದಷ್ಟು ಎತ್ತಿ ತರುವುದುಂಟು. ಒಂದು ರೊಟ್ಟಿಗೆ ಒಂದೇ ಸಂಖ್ಯೆ, ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಲೆಕ್ಕ ಎಂಬುದನ್ನು ರೊಟ್ಟಿ ಬುಟ್ಟಿ ಕಲಿಸಿದಷ್ಟು ಚೆನ್ನಾಗಿ ಕಾಪಿ ಪುಸ್ತಕ ಕಲಿಸಲಾರದು. ಚೌಕಾಬಾರವೂ ಹಾಗೆಯೇ. ನಾಲ್ಕು ಹುಣಸೆ ಬೀಜಗಳ ಒಂದೊಂದು ಬದಿಯನ್ನು ಕಲ್ಲಿಗೆ ತಿಕ್ಕಿ ಬಿಳಿ ಮಾಡಿ ಚೆಲ್ಲಿದರೆ, ಬಿಳಿ ಎಷ್ಟೋ ಅಷ್ಟು ಮನೆ. ನಾಲ್ಕೂ ಕಪ್ಪು ಬಿದ್ದರೆ ಎಂಟು. ನಾಲ್ಕು ದಿನ ಆಡಿದ ಮಗು ಬೀಜ ಮುಟ್ಟಿ ಎಣಿಸುವುದನ್ನು ಬಿಟ್ಟು, ನೋಡಿದೊಡನೆ ‘ಮೂರು’ ಎನ್ನುತ್ತದೆ.

ಕನ್ನಡದ ಸಂಖ್ಯೆಗಳೂ ಮಗುವಿನ ಪರವಾಗಿಯೇ ಇವೆ. ಹದಿಮೂರು ಎಂದರೆ ಮೊದಲು ಹತ್ತು, ಆಮೇಲೆ ಮೂರು. 13 ಎಂದು ಬರೆಯುವುದೂ ಅದೇ ಕ್ರಮದಲ್ಲಿ. ಇಂಗ್ಲಿಷಿನ ‘ಥರ್ಟೀನ್’ ಮೂರನ್ನು ಮುಂದೆ ತರುತ್ತದೆ. ಉರ್ದು ಮನೆಮಾತಿನ ಮಕ್ಕಳಿಗೆ ಇಪ್ಪತ್ತೊಂಬತ್ತು ‘ಉನತೀಸ್’, ಅಂದರೆ ಮೂವತ್ತಕ್ಕೆ ಒಂದು ಕಡಿಮೆ. ಮೊದಲ ಲೆಕ್ಕವೇ ಇಂಗ್ಲಿಷಿನಲ್ಲಿ ಆಗಲಿ ಎಂದು ಆತುರಪಡುವ ಕನ್ನಡದ ಮನೆಗಳು ನೇರ ದಾರಿ ಬಿಟ್ಟು ಮಗುವನ್ನು ಸುತ್ತುದಾರಿಗೆ ಹಚ್ಚುತ್ತವೆ.

ಓದಿನ ಮಾತು ಬೇರೆ. ಅಕ್ಷರವನ್ನು ಯಾರಾದರೂ ತೋರಿಸಲೇಬೇಕು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹಬ್ಬಿದ ನಲಿ-ಕಲಿಯಲ್ಲಿ ಕಲಿಕೆ ಅ, ಆ, ಇ, ಈ ಎಂದಲ್ಲ, ರ, ಗ, ಸ, ದ, ಅ ಎಂದು ಆರಂಭ. ಐದೇ ಅಕ್ಷರಕ್ಕೆ ಸರ, ರಸ, ಅಗಸ, ಅರಸ, ಗರಗಸ ಓದಬಹುದು. ಮನೆಯಲ್ಲಿ ಪುಸ್ತಕಗಳಿಲ್ಲದಿದ್ದರೂ ನಮ್ಮಲ್ಲಿ ಬಸ್ಸಿನ ಬೋರ್ಡುಗಳಿವೆ. ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ಕಾಯುವಾಗ ಹುಡುಗಿಗೆ ‘ರ’ ಹುಡುಕಲು ಹೇಳಿದೆ. ಸುರಪುರದಲ್ಲಿ ಎರಡು ಸಿಕ್ಕವು. ಯಾದಗಿರಿಯಲ್ಲಿ ಗುಡಿಸು ಹೊತ್ತ ರ, ವಡಗೇರಾದಲ್ಲಿ ಇಳಿ ಹಚ್ಚಿದ ರ, ಗುರುಮಠಕಲ್‌ನಲ್ಲಿ ಕೊಂಬಿನ ರ. ಕೊನೆಗೆ ತಾನಾಗಿಯೇ, “ಸುರಪುರದ್ದು ಶಹಾಪುರದ್ದು ಬಾಲ ಒಂದೇ ಅದ” ಎಂದು ಕೂಗಿದಳು. ‘ಪುರ’ವನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ.

ಆದರೆ ಓದು ಗಟ್ಟಿಯಾಗುವುದು ಕೇಳುವವರಿದ್ದಾಗ. ನಾನು ಅವ್ವನಿಗೆ ಒಪ್ಪಿಸಿದ ಕೆಲಸ ಒಂದೇ: ಸಂಜೆ ಹುಡುಗಿ ಓದುವಾಗ ಹತ್ತಿರ ಕೂತು ಕೇಳುವುದು, ತಿಳಿಯದಿದ್ದರೆ ತಿಳಿಯಲಿಲ್ಲ ಎನ್ನುವುದು. ಒಂದು ಸಂಜೆ ಹುಡುಗಿ, ಮೀನುಗಾರ ಬಳೆ ಹಿಡಿದು ಹೊಳೆಗೆ ಹೋದ ಎಂದು ಓದಿದಳು. “ಮೀನ ಹಿಡಿಯಾಂವ ಬಳಿ ಯಾಕ ಒಯ್ತಾನ?” ಎಂದಳು ಅವ್ವ. ಹುಡುಗಿ ಪುಟಕ್ಕೆ ಮೂಗು ಹಚ್ಚಿ ಮತ್ತೆ ನೋಡಿದಳು. ಅಲ್ಲಿದ್ದದ್ದು ಳ ಅಲ್ಲ, ಲ. ಅದು ಬಲೆ. ಒಂದಕ್ಷರ ಬಾರದ ಹೆಂಗಸು ಓದಿನ ತಪ್ಪನ್ನು ತಿದ್ದಿದ್ದಳು. ಹೊಳೆ, ಮೀನು, ಬಲೆ ಅವಳಿಗೆ ಗೊತ್ತಿದ್ದವು. ಆ ಅರಿವೇ ತಿದ್ದಿತು. ತಾಂಡಾದ ಮನೆಯಲ್ಲಿ ಈ ಪ್ರಶ್ನೆ ಲಂಬಾಣಿಯಲ್ಲಿ ಬಂದರೂ, ಗುರುಮಠಕಲ್ ಕಡೆ ತೆಲುಗಿನಲ್ಲಿ ಬಂದರೂ ಕೆಲಸ ಅದೇ ಆಗುತ್ತದೆ.

ಇದು ಶಾಲೆಗೆ ಬದಲಿಯಲ್ಲ. ಅಕ್ಷರ ತೋರಿಸುವ ಮೇಷ್ಟರು ಬೇಕು, ಪುಸ್ತಕ ಬೇಕು. ಅವ್ವ ಈಗ ಚೀಲ ಕಂಡರೆ ಎದ್ದು ಹೋಗುವುದಿಲ್ಲ, ಅಷ್ಟೇ. ರಾತ್ರಿ ಅಣ್ಣ ಶೆಡ್ಡಿನಿಂದ ಫೋನ್ ಮಾಡಿದಾಗ ಹುಡುಗಿ ಅವನಿಗೂ ಒಂದು ಪುಟ ಓದುತ್ತಾಳೆ. ಅವನು ಸುಮ್ಮನೆ ಕೇಳಿಸಿಕೊಂಡು, ಇನ್ನೆಷ್ಟು ಪುಟ ಉಳಿದವು ಎನ್ನುತ್ತಾನೆ. ಅವಳು ಒಂದೊಂದೇ ಹಾಳೆ ಮಗುಚಿ ಎಣಿಸುವ ತನಕ ಫೋನ್ ಇಡುವುದಿಲ್ಲ.